ಇಪ್ಪತ್ತೈದರ ಕಟ್ಟು

ಹದಿನೇಳು ಪ್ರಶ್ನೆಗಳಿದ್ದವು ನಮೂನೆಯಲ್ಲಿ.
ಹನ್ನೊಂದನೆಯದು: ದಿನಕ್ಕೆ ಎಷ್ಟು?
ಅದರ ಮುಂದೆ ಒಂದೇ ಒಂದು ಚೌಕ,
ಎರಡಂಕಿಗಷ್ಟೇ ಜಾಗ.

ಅರವತ್ತೇಳನೇ ಇಸವಿ. ಬಳ್ಳಾರಿಯ ದೊಡ್ಡಾಸ್ಪತ್ರೆ.
ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ವಾರ್ಡಿನ ಗೋಡೆಗೆ ಕಕ್ಕುವ ಏಪ್ರಿಲ್.
ನನಗೆ ತಿಂಗಳಿಗೆ ತೊಂಬತ್ತು ರೂಪಾಯಿ,
ಒಂದು ರಟ್ಟು, ದಾರ ಕಟ್ಟಿದ ಪೆನ್ಸಿಲ್.

ಡಾಕ್ಟರಮ್ಮ ತ್ರಿಪುರಾಂಬ ಹೇಳಿದ್ದರು:
ಯಾರಿಗೆ ಯಾವ ರೋಗ ಅಂತ ನಿನಗೆ ತಿಳಿಯಬಾರದು ಖಾಸಿಂ.
ಕಾಲು ಮುರಿದವನನ್ನೂ ಎದೆಯಲ್ಲಿ ಗಡ್ಡೆ ಇದ್ದವನನ್ನೂ
ಒಂದೇ ದನಿಯಲ್ಲಿ ಕೇಳು.
ದನಿ ಮೆತ್ತಗಾದರೆ ಉತ್ತರ ಬದಲಾಗುತ್ತೆ.

ಕೇಳಿದೆ. ಸಂತೆಯಲ್ಲಿ ಈರುಳ್ಳಿ ದರ ಕೇಳುವವನ ಹಾಗೆ ಕೇಳಿದೆ.
ಆದರೆ ಕೆಮ್ಮಿಗೆ ಯಾರು ಪರದೆ ಕಟ್ಟುತ್ತಾರೆ?

ಹೊನ್ನೂರಸಾಬು, ಜಟಕಾ:
“ಸ್ಟೇಷನ್ನಿಂದ ಬ್ರೂಸ್‌ಪೇಟೆಗೆ ಎರಡು,
ಬರೋವಾಗ ಬಾಡಿಗೆ ಸಿಗಲಿಲ್ಲ ಅಂದ್ರೆ ಮೂರು.
ಆ ವಾಸನೆ ಬರಲಿಲ್ಲ ಅಂದ್ರೆ
ನಮ್ಮ ಕುದುರೆ ಹೆಜ್ಜೆ ಎತ್ತಲ್ಲ ನೋಡು.”

ಹಮಾಲಿ ಎರ್ರಿಸ್ವಾಮಿ, ಹತ್ತಿ ಅಂಡಿಗೆ ಉರುಳಿ ತೊಡೆ ಮುರಿದವನು:
“ಐದು ಅಂಡಿಗೆ ಹೊತ್ತರೆ ಒಂದು.
ಸೀಸನ್ನಿನಾಗೆ ಎಷ್ಟಂತ ನೀನೇ ಹಾಕ್ಕೊ.”

ಜೈಲಿನ ಗೋಡೆ ಕಾಯುತ್ತಿದ್ದ ಪಹರೆಯವ:
“ಗಂಟೆ ಹೊಡೆದಾಗೆಲ್ಲ.”
ಹನ್ನೆರಡು ಹೊಡೆದರೆ ಹನ್ನೆರಡಾ? ಅಂದೆ.
ನಕ್ಕ. ನಗು ಕೆಮ್ಮಾಯಿತು.
ನಾನು ರಟ್ಟಿನಿಂದ ತಲೆ ಎತ್ತಲಿಲ್ಲ.

ಆ ದಾರಿ, ಆ ಭಾರ, ಆ ಗಂಟೆಗಳನ್ನು
ಚೌಕಕ್ಕೆ ಇಳಿಸುವುದು ನನ್ನ ಕೆಲಸ.
ಜಟಕಾ ೪೦. ಹಮಾಲಿ ೦೮. ಪಹರೆ ೧೨.
ಕುದುರೆಯ ಮಾತು ಅಂಚಿನಲ್ಲಿ ಬರೆದೆ,
ಆಮೇಲೆ ರಬ್ಬರಿನಿಂದ ಒರೆಸಿದೆ.

ರಾತ್ರಿ ಕೂತು ಗೆರೆ ಎಳೆಯುತ್ತಿದ್ದೆ:
ನಾಲ್ಕು ನಿಂತವು, ಮೇಲೊಂದು ಅಡ್ಡ,
ಐವರನ್ನು ಸೇರಿಸಿ ಬಿಗಿದ ಹಾಗೆ.
ಎದುರಿಗೆ, ಕೌಲ್ ಬಜಾರಿನ ಅದೇ ಚಿಮಣಿಯ ಬೆಳಕಲ್ಲಿ
ಮೊರದ ಮುಂದೆ ಅಮ್ಮ, ಮಾಬುನ್ನಿ.
ನೆನೆದ ಎಲೆ, ಕತ್ತರಿ, ಅಳತೆಯ ತಗಡು,
ಚಿಟಿಕೆ ಹೊಗೆಸೊಪ್ಪು, ಹೆಬ್ಬೆರಳಿನ ಒಂದು ಉರುಳು,
ಬಾಯಿ ಮಡಚಿ, ಕೆಂಪು ದಾರ.
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ನಾನು ಮೆಟ್ರಿಕ್ ಮುಗಿಸಿದ್ದು ಆ ಸಾವಿರಗಳಲ್ಲಿ.

ಮುಂದಿನ ಮೊಹರಂ ಹೊತ್ತಿಗೆ ಡಾಕ್ಟರಮ್ಮ ಹಾಳೆ ಹರವಿದರು.
ಚೌಕಾಬಾರದ ಮೂಲೆ ಕತ್ತರಿಸಿಟ್ಟಂತೆ ನಾಲ್ಕು ಮನೆ:
ಸೇದುವವರು, ಸೇದದವರು,
ರೋಗವಿದ್ದವರು, ಇಲ್ಲದವರು.
ನನ್ನ ಗೆರೆಗಳು ಹೋಗಿ ತಂತಮ್ಮ ಮನೆಯಲ್ಲಿ ಕೂತವು.
ಒಂದು ಮನೆಯಲ್ಲಿ ಕಾಲಿಡಲು ಜಾಗವಿಲ್ಲ.
ಪಕ್ಕದ್ದರಲ್ಲಿ ಮೂವರೇ,
ಎಂದೂ ಸೇದದೆಯೂ ರೋಗ ಹೊತ್ತವರು.
ಸಿರುಗುಪ್ಪದ ಅಕ್ಕಸಾಲಿ ಮೌನೇಶಪ್ಪನ ಹೆಸರು ಮಾತ್ರ ನೆನಪಿದೆ.

ಇವರು ಇರದಿದ್ದರೆ ಲೆಕ್ಕ ಚೊಕ್ಕ ಆಗ್ತಿತ್ತು ಮೇಡಂ, ಅಂದೆ.
ಅವರು ಕನ್ನಡಕ ತೆಗೆದು ನೋಡಿದರು.
“ಇರಲಿ ಬಿಡು ಮೂವರೂ.
ಅವರಿಲ್ಲದ ಹಾಳೆಯನ್ನು ನಾನೇ ನಂಬ್ತಿರಲಿಲ್ಲ.”

ಹೊನ್ನೂರಸಾಬುವಿನ ಮಂಚದಲ್ಲಿ ಅಷ್ಟೊತ್ತಿಗೆ
ಮೂರನೆಯವನೊಬ್ಬ ಮಲಗಿದ್ದ.
ಕುದುರೆಯನ್ನು ಯಾರು ಕೊಂಡರೋ.

“ಏನಂತಪ್ಪ ನಿನ್ನ ಲೆಕ್ಕ?” ಅಮ್ಮ ಕೇಳಿದಳು.
ಹೇಳಿದೆ,
ಈರುಳ್ಳಿ ದರದ ದನಿಯಲ್ಲೇ ಹೇಳಲು ನೋಡಿದೆ.
ಕತ್ತರಿ ನಿಂತಿತು, ಎಲೆ ಅರ್ಧ ಸೀಳಿ.
“ಆ ಜಟಕಾದವ ಯಾರ ಅಂಗಡಿದು ಸೇದ್ತಿದ್ದ?”
ಕೇಳಲಿಲ್ಲಮ್ಮ.
“ಹದಿನೇಳು ಕೇಳಿದಿ. ಇದೊಂದು ಕೇಳಲಿಲ್ಲ?”

ಚಿಮಣಿಯ ಬತ್ತಿ ಎತ್ತಿದಳು. ಕತ್ತರಿ ಎತ್ತಿದಳು.
ನಾನು ಗೋಡೆಗೆ ತಿರುಗಿ ಮಲಗಿದೆ, ನಿದ್ದೆ ಬಂದವನ ಹಾಗೆ.

ಬೆಳಿಗ್ಗೆ ಕಂತ್ರಾಟುದಾರ ಬಂದು
ಬೆರಳಿಗೆ ಉಗುಳು ಹಚ್ಚಿ ಎಣಿಸಿದ:
ಮೂವತ್ತೊಂಬತ್ತು ಕಟ್ಟು, ಬಿಡಿ ಹದಿನೆಂಟು.
ಏಳು ಕಮ್ಮಿ.
ಕೂಲಿಯಲ್ಲಿ ಹಿಡಿದುಕೊಂಡ.